ಅಕ್ಕಿಯ ಪದ ಸಿಂಹಳಕ್ಕೆ ಹೋಗಿ ಬಂದದ್ದು

ನಿಮ್ಮ ಮನೆಯ ಮಗು ಅಂಗಳದಿಂದ ಓಡಿಬಂದು ‘ಅವ್ವಾ, ಅಕ್ಕಿ ಆರೋಯ್ತು’ ಎಂದರೆ ನೀವು ಮೊದಲು ಏನು ಮಾಡುವಿರಿ? ಅಂಗಳಕ್ಕೆ ಹೋಗಿ ನೋಡುವಿರೋ, ಅಥವಾ ‘ಹಕ್ಕಿ ಎನ್ನು, ಹಾರಿಹೋಯಿತು ಎನ್ನು’ ಎಂದು ಮಗುವಿನ ನಾಲಗೆಯನ್ನು ತಿದ್ದುವಿರೋ? ನಾನು ಎರಡನೆಯ ಪಕ್ಷದವಳು. ಹಾಗೆ ತಿದ್ದುವುದೂ ಒಂದು ಬಗೆಯ ದೇಶಸೇವೆಯೆಂದು ನಂಬಿಯೇ ಕಳೆದ ಬೇಸಿಗೆಯಲ್ಲಿ ಸಮುದ್ರ ದಾಟಿ ಸಿಂಹಳಕ್ಕೆ ಹೋದೆ. ಆ ನಂಬಿಕೆಗೆ ಅಲ್ಲಿ ಏನಾಯಿತೆಂಬುದನ್ನು ವಾದವಾಗಿ ಮಂಡಿಸುವುದಕ್ಕಿಂತ ನಡೆದಂತೆ ಹೇಳುವುದೇ ಮೇಲೆಂದು ತೋರುತ್ತದೆ.

ಹಾಸನ

ನಮ್ಮ ಹಳ್ಳಿಗಳ ಮಕ್ಕಳ ಕಣ್ಣಿಗೆ ಬೀಳುವ ಬಣ್ಣದ ಚಿತ್ರಗಳೆಂದರೆ ಕ್ಯಾಲೆಂಡರಿನ ದೇವರು ಮತ್ತು ಬೆಂಕಿಪೊಟ್ಟಣದ ಹುಲಿ. ಅವರವರ ಮನೆಗಳಲ್ಲಿ ಹೆಂಗಸರು ಹಾಡಿ ಹೇಳುವ ಪದಗಳನ್ನೇ ಚಿತ್ರಪುಸ್ತಕಗಳಾಗಿ ಮಾಡಿ ಆ ಮಕ್ಕಳ ಕೈಗೆ ಕೊಡಬೇಕೆಂಬುದು ನಾವು ಕೆಲವು ಉಪಾಧ್ಯಾಯಿನಿಯರು ಕೂಡಿ ಕಟ್ಟಿಕೊಂಡ ಆಸೆ. ಹಾಸನದಲ್ಲಿ ಶಾಲೆಗಳಿಗೆ ಪುಸ್ತಕಗಳನ್ನು ಆರಿಸುವ ಒಂದು ಸಮಿತಿಯಿದೆ. ಅದರ ಅಧ್ಯಕ್ಷರಾದ ನಿವೃತ್ತ ಹೆಡ್‌ಮಾಸ್ತರರು ನಮ್ಮ ಆಸೆಯನ್ನು ಸಂತೋಷದಿಂದ ಒಪ್ಪಿ ಒಂದೇ ಷರತ್ತನ್ನು ಹಾಕಿದರು. ಭಾಷೆ ಶುದ್ಧವಾಗಿರಬೇಕು.

‘ಹಳ್ಳಿಯ ಹುಡುಗಿ ಪಟ್ಟಣದ ಹೈಸ್ಕೂಲಿಗೆ ಬಂದು ಬಾಯಿ ತೆರೆದರೆ ನಗುತ್ತಾರಮ್ಮ. ನಿಮಗೆ ನಾನು ಹೇಳಬೇಕೆ?’ ಎಂದರು.

ಹೇಳಬೇಕಾಗಿರಲಿಲ್ಲ. ಮೈಸೂರಿನ ಕಾಲೇಜಿನಲ್ಲಿ ನನ್ನ ಮೊದಲ ಚರ್ಚಾಸ್ಪರ್ಧೆಯ ದಿನ ನಾನು ‘ಸ್ತ್ರೀಯರ ಅಕ್ಕು’ ಎಂದು ಆರಂಭಿಸಿದಾಗ ಹಿಂದಿನ ಬೆಂಚಿನಿಂದ ಯಾರೋ ‘ಯಾರ ಅಕ್ಕ?’ ಎಂದಿದ್ದರು. ಆ ಒಂದು ಹಕಾರವನ್ನು ಗಂಟಲಿನಲ್ಲಿ ಕೂರಿಸಿಕೊಳ್ಳಲು ನಾನು ಪಟ್ಟ ಪಾಡು ಇನ್ನೊಂದು ಹುಡುಗಿಗೆ ಬೇಡ. ಆದ್ದರಿಂದ ಅಧ್ಯಕ್ಷರ ಷರತ್ತು ನನಗೆ ಷರತ್ತಿನಂತೆಯೇ ಕಾಣಲಿಲ್ಲ.

ಆ ವೇಳೆಗೆ ಸಿಂಹಳದ ಕ್ಯಾಂಡಿ ನಗರದ ಒಂದು ಹೆಣ್ಣುಮಕ್ಕಳ ಶಾಲೆಯಿಂದ ನಮಗೆ ಕರೆ ಬಂತು. ನೆರೆಹೊರೆಯ ನಾಡುಗಳ ಉಪಾಧ್ಯಾಯಿನಿಯರು ತಮ್ಮ ಕಡೆಯ ಒಂದೊಂದು ಹಾಡನ್ನು ತಂದರೆ, ಅಲ್ಲಿಯ ಚಿತ್ರಕಾರರು ಅದಕ್ಕೆ ಚಿತ್ರ ಬರೆದು, ಶಾಲೆಯ ಕಲ್ಲಚ್ಚಿನಲ್ಲಿ ಒತ್ತಿ, ಹಾಳೆಗಳನ್ನು ಕೈಗೆ ಕೊಟ್ಟು ಕಳುಹಿಸುವರು. ಒಬ್ಬಳೇ ಸಮುದ್ರ ದಾಟುವುದಾದರೆ ಬೇಡವೆಂದು ನಮ್ಮ ತಂದೆ ಹೇಳಿದರು. ಜೊತೆಗೆ ಯಾರು ಬರುತ್ತಾರೆಂದು ಯೋಚಿಸುತ್ತಿರುವಾಗ, ಹೊಳೆನರಸೀಪುರದ ಪಕ್ಕದ ಹಳ್ಳಿಯಿಂದ ಅವರ ಅಕ್ಕ, ನನ್ನ ಪುಟ್ಟತ್ತೆ, ತಾನಾಗಿಯೇ ಬಂದು ಕುಳಿತಳು. ನಾನು ಆರಿಸಿದ್ದ ಹಾಡು ಅವಳ ಬಾಯಿಂದ ಕೇಳಿ ಬರೆದುಕೊಂಡದ್ದೇ.

‘ಸಿಲೋನು ಅಂದ್ರೆ ರಾವಣನ ಊರಲ್ವಾ?’ ಎಂದು ತಮ್ಮನನ್ನು ಕೇಳಿದಳು. ‘ಸೀತಮ್ಮನ್ನೇ ಒಬ್ಳೇ ಬುಟ್ಟು ಕೆಟ್ರು. ನಾನ್ ಓಯ್ತೀನಿ ಬುಡು ಇವಳ ಜೊತೇಲಿ.’

ಧನುಷ್ಕೋಡಿ

ಬೆಂಗಳೂರು, ತಿರುಚ್ಚಿಗಳನ್ನು ದಾಟಿದ ಮೇಲೆ ರೈಲು ಉಪ್ಪಿನ ಬಯಲಿನಲ್ಲಿ ಓಡತೊಡಗಿತು. ಸಮಿತಿಯ ಷರತ್ತಿನಂತೆ ತಿದ್ದಿ ಬರೆದಿದ್ದ ಹಾಡಿನ ಶುದ್ಧಪ್ರತಿಯನ್ನು ತೆಗೆದು ನಾನು ಅತ್ತೆಗೆ ಓದಿ ಹೇಳಿದೆ.

ಹಾಡಿನ ಕಥೆ ಚಿಕ್ಕದು. ಹಬ್ಬದ ತಂಬಿಟ್ಟಿಗಾಗಿ ತೊಳೆದ ಅಕ್ಕಿಯನ್ನು ಅಂಗಳದ ಚಾಪೆಯ ಮೇಲೆ ಹರಡಿ, ಮಗುವನ್ನು ಕಾವಲಿಗೆ ಕೂರಿಸಿ, ತಾಯಿ ಒಳಗೆ ಕೆಲಸಕ್ಕೆ ಹೋಗುತ್ತಾಳೆ. ಒಳಗಿನಿಂದಲೇ ಕೇಳುತ್ತಾಳೆ, ಮಗು ಹೊರಗಿನಿಂದಲೇ ಉತ್ತರ ಕೊಡುತ್ತದೆ. ಅದನ್ನು ನಾನು ಹೀಗೆ ಬರೆದಿದ್ದೆ:

ಅಕ್ಕಿಯ ಕಾಯುವ ಕಂದಮ್ಮ, ಅಕ್ಕಿಯು ಏನಾಯ್ತು?
ಹಕ್ಕಿಯು ಹಾರಿಹೋಯಿತಮ್ಮ, ಹಕ್ಕಿಯು ಹಾರಿಹೋಯ್ತು.

ತಾಯಿ ನಗುನಗುತ್ತ ಮೊರ ಹಿಡಿದು ಬರುತ್ತಾಳೆ. ಚಾಪೆಯ ಮೇಲೆ ಒಂದು ಕಾಳೂ ಇರುವುದಿಲ್ಲ.

ಅತ್ತೆ ಕೊನೆಯವರೆಗೂ ಗಮನವಿಟ್ಟು ಕೇಳಿದಳು. ‘ಚೆಂದಾಗೈತೆ ಕಣವ್ವ. ಯಾರ್ ಕಟ್ಟಿದ್ದು?’

‘ನಿನ್ನದೇ ಪದ ಅತ್ತೆ. ನೀನೇ ಹೇಳಿದ್ದಲ್ಲ?’

‘ನಂದಾ?’ ಅವಳು ಕಿಟಕಿಯ ಕಡೆಗೆ ತಿರುಗಿದಳು. ‘ಅಂಗಾರೆ ಯಾರೋ ಒಸಾ ಸೀರೆ ಉಡ್ಸವ್ರೆ. ಗುರ್ತೇ ಸಿಗಾಕಿಲ್ಲ.’

ಇದನ್ನು ನಾನು ಮೆಚ್ಚುಗೆಯೆಂದು ತೆಗೆದುಕೊಂಡೆ.

ಹಡಗು ಹತ್ತುವ ಮೊದಲು ವೈದ್ಯರು ಎಲ್ಲರ ತೋಳಿನ ಮೇಲೂ ಸಿಡುಬು ಬಾರದಂತೆ ದೇವಿ ಹಾಕಿಸಿಕೊಂಡ ಗುರುತನ್ನು ನೋಡುತ್ತಾರೆ. ಅತ್ತೆಯ ತೋಳಿನ ಗುರುತು ರಾಗಿಮುದ್ದೆಯ ಮೇಲೆ ಒತ್ತಿದ ಬೆರಳಿನಂತಿದೆ. ಅದನ್ನು ತೋರಿಸುತ್ತ ಅವಳು, ‘ದೇವಿ ಆಕ್ದೋನು ಓಗಿ ಎಷ್ಟ್ ಕಾಲ ಆಯ್ತೋ ಏನೋ, ಗುರ್ತು ಮಾತ್ರ ಕಲ್ಲಾಗ್ ಬರ್ದಂಗೈತೆ ನೋಡ್ ಸಾ’ ಎಂದಳು. ತಮಿಳಿನ ವೈದ್ಯರಿಗೆ ಮಾತು ತಿಳಿಯದಿದ್ದರೂ ಧಾಟಿ ತಿಳಿಯಿತೆಂದು ತೋರುತ್ತದೆ. ನಕ್ಕು ಮುಂದಕ್ಕೆ ಬಿಟ್ಟರು.

ತಲೈಮನ್ನಾರ್

ಹಡಗಿನಲ್ಲಿ ನಾನು ಮಲಗಿದವಳು ಏಳಲಿಲ್ಲ. ಕಾವಲಿಗೆ ಬಂದ ಅತ್ತೆಯಾದರೋ ತುಂಬಿದ ಹೇಮಾವತಿಯನ್ನು ಹರಿಗೋಲಿನಲ್ಲಿ ದಾಟಿದವಳು. ಕಂಬಿ ಹಿಡಿದು ನಿಂತು, ಎದುರಿನ ದಡ ಕಾಣಿಸಿದಾಗ ಬಂದು ನನ್ನನ್ನು ಎಬ್ಬಿಸಿದಳು.

ಸುಂಕದ ಕಟ್ಟೆಯ ಅಧಿಕಾರಿ ಅವಳ ಗಂಟಿನಲ್ಲಿದ್ದ ರಾಗಿಹಿಟ್ಟನ್ನು ಬೆರಳಿನಿಂದ ಮುಟ್ಟಿ, ಮೂಸಿ, ಮುಖ ಅರಳಿಸಿ ‘ಕುರಕ್ಕನ್’ ಎಂದನು. ಸಿಂಹಳದವರು ರಾಗಿಯನ್ನು ಕರೆಯುವುದೇ ಹಾಗೆ.

‘ಕುರುಕ್ಲು ಅಲ್ಲ ಕಣಪ್ಪ, ಇಟ್ಟು’ ಎಂದಳು ಅತ್ತೆ. ‘ಇದ ತಿಂದ್ಮೇಲೆ ಕುರುಕ್ಲು ಬೇಕಾಗಾಕಿಲ್ಲ.’

ಅಲ್ಲಿಂದ ಕ್ಯಾಂಡಿಯ ಕಡೆಗೆ ಹೋಗುವ ದಾರಿಯಲ್ಲಿ ಒಂದು ಸಣ್ಣ ಸ್ಟೇಷನ್ನಿನ ಹಲಗೆಯನ್ನು ಕಂಡೆವು. ಅದರ ಮೇಲೆ ಹಲವು ಲಿಪಿಗಳಲ್ಲಿ ಊರಿನ ಹೆಸರಿತ್ತು; ಅವುಗಳಲ್ಲಿ ಒಂದರ ಮೇಲೆ ಯಾರೋ ಡಾಂಬರು ಬಳಿದಿದ್ದರು. ಆ ದ್ವೀಪದಲ್ಲಿ ಭಾಷೆಯ ಹೆಸರಿನಲ್ಲಿ ನಡೆದ ಕಲಹದ ಸುದ್ದಿಯನ್ನು ಓದುಗರು ಪತ್ರಿಕೆಗಳಲ್ಲಿ ಓದಿದ್ದಾರೆ.

‘ಯಾಕಂಗ್ ಬಳ್ದವ್ರೆ?’ ಎಂದು ಅತ್ತೆ ಕೇಳಿದಳು.

‘ಆ ಭಾಷೆ ಬೇಡ ಅನ್ನೋರು ಬಳಿದಿರಬೇಕು.’

‘ಆ ಮಾತ್ ಆಡೋರು ಇನ್ನೂ ಅವ್ರೆ ಅಲ್ವಾ?’

ರೈಲು ಹೊರಟಿತು. ಸಭೆಯಲ್ಲಿ ಯಾರಾದರೂ ಕೇಳಿದ್ದರೆ ಒಂದು ಭಾಷಣವನ್ನೇ ಮಾಡುತ್ತಿದ್ದೆ.

ಕ್ಯಾಂಡಿ: ವೀಳ್ಯದೆಲೆ ಮತ್ತು ಹಾಲು

ಸಿಂಹಳದವರು ಅತಿಥಿಯನ್ನು ವೀಳ್ಯದೆಲೆಯ ಕಟ್ಟು ನೀಡಿ, ಬಗ್ಗಿ ಸ್ವಾಗತಿಸುತ್ತಾರೆ. ಅತಿಥಿ ಅದನ್ನು ಗೌರವದಿಂದ ಕೈಯಲ್ಲಿ ಹಿಡಿದರೆ ಸಾಕು. ಅತ್ತೆ ಕಟ್ಟಿನಿಂದ ಒಂದು ಎಲೆಯನ್ನು ಎಳೆದು, ಸೆರಗಿಗೆ ಒರೆಸಿ, ತೊಟ್ಟು ಮುರಿದು, ಅಡಿಕೆ ಸುಣ್ಣಗಳಿಗಾಗಿ ಸುತ್ತ ನೋಡಿದಳು. ಸಾಲಾಗಿ ನಿಂತಿದ್ದ ಹುಡುಗಿಯರು ನಗೆ ತಡೆದುಕೊಂಡರು. ‘ಬರಿ ಎಲೆ ಕೊಡ್ತಾರಾ ಯಾರಾರ? ಪಾಪ, ಮರ್ತವ್ರೆ’ ಎಂದು ಅವಳೇ ಅವರ ಪರವಾಗಿ ನನಗೆ ಸಮಾಧಾನ ಹೇಳಿದಳು. ಅಡುಗೆಯ ಹೆಂಗಸು ಓಡಿಹೋಗಿ ತನ್ನ ಅಡಿಕೆಯ ಚೀಲವನ್ನು ತಂದುಕೊಟ್ಟಳು. ಆ ಕ್ಷಣದಿಂದ ಆ ಶಾಲೆಯಲ್ಲಿ ಅತ್ತೆಗೆ ಯಾವ ಕೊರತೆಯೂ ಆಗಲಿಲ್ಲ.

ಮರುದಿನ ಬೆಳಿಗ್ಗೆ ಅವಳ ಕಾಫಿಗೆ ಹಾಲು ಬೇಕಾಯಿತು. ಅಡುಗೆಯವಳಿಗೆ ಇಂಗ್ಲಿಷ್ ಬಾರದು. ನಾನು ಲೋಟವನ್ನು ತೋರಿಸಿ, ಏನು ಮಾಡುತ್ತಿದ್ದೇನೆಂಬ ಅರಿವಿಲ್ಲದೆ, ಅಚ್ಚಗನ್ನಡದಲ್ಲಿ ‘ಹಾಲು, ಹಾಲು’ ಎಂದೆ. ಅವಳ ಕಣ್ಣು ಹೊಳೆಯಿತು. ‘ಹಾಲ್, ಹಾಲ್’ ಎನ್ನುತ್ತ ಒಳಗೆ ಹೋಗಿ ಮೊರದ ತುಂಬ ಅಕ್ಕಿಯನ್ನು ತಂದಳು. ಅವರ ಮಾತಿನಲ್ಲಿ ಬೇಯಿಸದ ಅಕ್ಕಿಗೆ ಹಾಲ್ ಎಂದು ಹೆಸರು.

‘ನಿಂಗ್ ಕೇಳಾಕ್ ಬರಾಕಿಲ್ಲ, ಸರ್ಕೊ’ ಎಂದು ಅತ್ತೆ ನನ್ನನ್ನು ಬದಿಗೆ ತಳ್ಳಿ, ಲೋಟವನ್ನು ತಾನು ಹಿಡಿದು, ‘ಆಲು, ಆಲು’ ಎಂದಳು. ಈ ಸಲ ಗೆಣಸು ಬಂತು. ಗೆಡ್ಡೆಗೆಣಸಿಗೆ ಅವರಲ್ಲಿ ‘ಅಲ’ ಎನ್ನುತ್ತಾರೆ.

ಅತ್ತೆ ಮೊರವನ್ನೂ ಗೆಣಸನ್ನೂ ನೋಡಿದಳು. ‘ನಿನ್ನ ಓದಿಗೆ ಅಕ್ಕಿ ಬಂತು, ನನ್ನ ದಡ್ಡತನಕ್ಕೆ ಗೆಣಸು ಬಂತು. ಅಸು ಮಾತ್ರ ಇಬ್ರಿಗೂ ಒದೀತು ಕಣವ್ವ.’ ಅಂದು ಕರಿಕಾಫಿಯನ್ನೇ ಕುಡಿದೆವು.

ಕ್ಯಾಂಡಿ: ಕಲ್ಲಿನ ಮುಂದೆ

ನಮ್ಮ ಹಾಡಿಗೆ ಚಿತ್ರ ಬರೆಯುವ ಹೊಣೆ ಆ ಶಾಲೆಯ ಡ್ರಾಯಿಂಗ್ ಉಪಾಧ್ಯಾಯಿನಿ ಸೋಮಾವತಿಯದು. ಮಾತು ಕಡಿಮೆ, ನಗು ಹೆಚ್ಚು. ನನ್ನೊಡನೆ ಇಂಗ್ಲಿಷಿನಲ್ಲಿ ಮಾತಾಡುತ್ತಿದ್ದರು. ಅತ್ತೆಯನ್ನು ಮಾತ್ರ ತಮ್ಮ ಮಾತಿನಲ್ಲಿ ‘ನೆಂದಾ’ ಎಂದು ಕರೆದರು. ತಂದೆಯ ಅಕ್ಕತಂಗಿಯರಿಗೂ ಗಂಡನ ತಾಯಿಗೂ ಅವರಲ್ಲಿ ಅದೊಂದೇ ಹೆಸರು, ನಮ್ಮ ‘ಅತ್ತೆ’ಯ ಹಾಗೆಯೇ. ಅತ್ತೆ ಅದನ್ನು ‘ನೆಂಟಾ’ ಎಂದು ಕೇಳಿಸಿಕೊಂಡು, ‘ಊ ಕಣವ್ವ, ನೆಂಟ್ರೇ’ ಎಂದು ಒಪ್ಪಿಕೊಂಡಳು.

ಕಲ್ಲಚ್ಚಿನ ಕೆಲಸವನ್ನು ನೋಡದವರಿಗೆ ಒಂದು ಮಾತು. ನುಣ್ಣಗೆ ತಿಕ್ಕಿದ ಚಪ್ಪಟೆ ಕಲ್ಲಿನ ಮೇಲೆ ಚಿತ್ರವನ್ನು ಎಣ್ಣೆಯ ಬಣ್ಣದಲ್ಲಿ ಬರೆಯುತ್ತಾರೆ. ಅಕ್ಷರಗಳನ್ನು ಒಂದು ಬಗೆಯ ಕಾಗದದ ಮೇಲೆ ಬರೆದು ಕಲ್ಲಿಗೆ ಒತ್ತಿ ಇಳಿಸುತ್ತಾರೆ. ಒಮ್ಮೆ ಇಳಿದ ಅಕ್ಷರವನ್ನು ತಿದ್ದಬೇಕಾದರೆ ಕಲ್ಲನ್ನೇ ಮತ್ತೆ ತಿಕ್ಕಬೇಕು, ಚಿತ್ರವೂ ಹೋಗುತ್ತದೆ. ಇನ್ನೆರಡು ದಿನಗಳಲ್ಲಿ ನಾವು ಹೊರಡುವವರಿದ್ದೆವು.

ಸೋಮಾವತಿಯವರ ಕರಡುಚಿತ್ರಗಳು ಮನಸ್ಸಿಗೆ ಹತ್ತುವಂತಿದ್ದವು. ಮನೆ ಮಾತ್ರ ಸಿಂಹಳದ್ದು, ಮುಂದಕ್ಕೆ ಚಾಚಿದ ಸೂರಿನದು. ಚಾಪೆಯ ಮೂಲೆಯಲ್ಲಿ ನಿದ್ದೆಗೆ ತೂಗುವ ಮಗು, ಬಿಡಿಬಿಡಿಯಾಗಿ ಬಂದಿಳಿಯುವ ಗುಬ್ಬಿಗಳು ಎಲ್ಲವೂ ಸಿದ್ಧವಾಗಿದ್ದವು. ಕೊನೆಯ ಹಾಳೆಯಲ್ಲಿ ಮೊರ ಹಿಡಿದು ಬರುವ ತಾಯಿಗೆ ಮಾತ್ರ ಮುಖವಿರಲಿಲ್ಲ.

‘ಈ ತಾಯಿಗೆ ಕಿವಿ ಕೇಳಿಸುವುದಿಲ್ಲವೇ?’ ಎಂದು ಸೋಮಾವತಿ ಕೇಳಿದರು.

ನನಗೆ ಅರ್ಥವಾಗಲಿಲ್ಲ.

‘ಹಕ್ಕಿ ಹಾರಿಹೋಯಿತೆಂದು ಮಗು ಕೂಗಿ ಹೇಳುತ್ತಿದೆ. ಹಕ್ಕಿ ಬಂದಿತ್ತು ಎಂದಾಯಿತಲ್ಲ? ತಾಯಿಯಾದವಳು ಕೋಲು ಹಿಡಿದು ಓಡಿ ಬರಬೇಕು. ಇವಳು ಮೊರ ಹಿಡಿದು ನಗುತ್ತ ಬರುತ್ತಾಳೆ. ಯಾಕೆ ನಗುತ್ತಾಳೆಂದು ಗೊತ್ತಾಗದೆ ಆ ಮುಖವನ್ನು ಹೇಗೆ ಬರೆಯಲಿ?’

ತಾಯಿ ಮುಗ್ಧೆಯೆಂದು ನಾನು ವಿವರಿಸಿದೆ. ಮಕ್ಕಳಿಗೆ ದಡ್ಡ ತಾಯಿಯ ಹಾಡನ್ನು ಹೇಳುವ ವಾಡಿಕೆ ತಮ್ಮಲ್ಲಿಲ್ಲವೆಂದು ಅವರು ಮೆಲ್ಲಗೆ ಹೇಳಿದರು. ಅವರ ಮಾತು ನ್ಯಾಯವಾದುದೆಂದು ನನಗೂ ತೋರಿ, ವಾದ ಮುಂದುವರಿಯಲಿಲ್ಲ.

‘ಏನಂತಾಳೆ?’ ಎಂದಳು ಅತ್ತೆ. ಹೇಳಿದೆ. ಅವಳು ನೆಲಕ್ಕೆ ಕೈಯೂರಿ ನಗತೊಡಗಿದಳು.

‘ಅವ್ವ ಕಿವುಡಿ ಅಲ್ಲ ಕಣೆ. ಅಕ್ಕಿ ಆರೋಯ್ತು ಅಂದ್ರೆ ಅವ್ವ ಅಕ್ಕಿ ಆರೋಯ್ತು ಅನ್ಕೊಂಡ್ಳು. ಕೂಸು ಯೇಳಿದ್ದು ಅಕ್ಕಿ ಆರೋಯ್ತು ಅಂತ.’

‘ಯಾವ ಅಕ್ಕಿ ಅತ್ತೆ?’

‘ಅಯ್ಯೋ, ಅವ್ವಂಗೆ ಚಾಪೆ ಮ್ಯಾಲಿನ್ ಅಕ್ಕಿ. ಕೂಸ್ಗೆ ಮರದ್ ಮ್ಯಾಲಿನ್ ಅಕ್ಕಿ.’

ಅವಳು ಎದ್ದು ನಿಂತು ಹಾಡಿದಳು. ತಾಯಿಗೊಂದು ಗಂಟಲು, ಮಗುವಿಗೊಂದು ಗಂಟಲು.

ಅಕ್ಕಿ ಕಾಯೋ ಕೂಸೆ, ಅಕ್ಕಿ ಏನಾಯ್ತೆ?
ಅಕ್ಕಿ ಆರೋಯ್ತವ್ವ, ಅಕ್ಕಿ ಆರೋಯ್ತು.

ಅಕ್ಕಿ ಒಣಗಿತು, ತುಂಬಿಕೊಳ್ಳೋಣವೆಂದು ತಾಯಿ ಮೊರ ತರುತ್ತಾಳೆ. ಮಗು ಸುಳ್ಳು ಹೇಳಲಿಲ್ಲ, ತಾಯಿ ತಪ್ಪಾಗಿ ಕೇಳಿಸಿಕೊಳ್ಳಲೂ ಇಲ್ಲ. ಹುಟ್ಟಿದಂದಿನಿಂದ ಈ ಹಾಡನ್ನು ಕೇಳಿದವಳು ನಾನು. ಮಕ್ಕಳು ನಗುವುದು ಬರಿದಾದ ಚಾಪೆಗೆಂದು ತಿಳಿದಿದ್ದೆ. ನಮ್ಮ ಮನೆಯಲ್ಲಿ ಎರಡೂ ಅಕ್ಕಿಯೇ ಆದ್ದರಿಂದ, ಅಲ್ಲಿ ಎರಡು ಇವೆಯೆಂಬುದೇ ಯಾರ ಗಮನಕ್ಕೂ ಬರುವುದಿಲ್ಲ. ನಾನು ಹಕಾರವನ್ನು ಸೇರಿಸಿದ ಕೂಡಲೇ ಒಂದು ಮಾತು ಎರಡಾಗಿ, ಹಾಡಿನ ಜೀವ ಆ ಸಂದಿಯಲ್ಲಿ ಬಿದ್ದುಹೋಗಿತ್ತು.

ಸೋಮಾವತಿಯವರಿಗೆ ಇದನ್ನು ಬಿಡಿಸಿ ಹೇಳಿದೆ. ನಮ್ಮ ಹಿಂದಿನವರ ‘ಪಕ್ಕಿ’ ನಮ್ಮ ಬರವಣಿಗೆಯಲ್ಲಿ ‘ಹಕ್ಕಿ’ಯಾಗಿ, ಅತ್ತೆಯ ಬಾಯಲ್ಲಿ ‘ಅಕ್ಕಿ’ಯಾದುದನ್ನೂ ಹೇಳಿದೆ. ತಮ್ಮಲ್ಲಿಯೂ ಪದ್ಯದಲ್ಲಿ ‘ಸಂದ’ ಎನಿಸಿಕೊಳ್ಳುವ ಚಂದ್ರ ಮನೆಮಾತಿನಲ್ಲಿ ‘ಹಂದ’ ಆಗುತ್ತಾನೆಂದು ಅವರು ನಕ್ಕರು. ಆಮೇಲೆ ಎರಡು ಹಾಳೆಗಳನ್ನು ಅಕ್ಕಪಕ್ಕ ಇಟ್ಟರು. ಎಡಗಡೆ ಒಳಮನೆಯ ತಾಯಿ, ಅವಳ ಮನಸ್ಸಿನಲ್ಲಿ ಗರಿಗರಿಯಾಗಿ ಒಣಗಿದ ಅಕ್ಕಿ. ಬಲಗಡೆ ಮಗು, ಬಾನಿಗೆ ಏಳುತ್ತಿರುವ ಗುಬ್ಬಿಗಳ ಹಿಂಡು.

‘ಎರಡರ ಕೆಳಗೂ ಒಂದೇ ಸಾಲು ಬರೆಯಿರಿ. ಉಳಿದದ್ದನ್ನು ಚಿತ್ರ ಹೇಳುತ್ತದೆ.’

ಬರೆಯಬೇಕಾದವಳು ನಾನು. ಅತ್ತೆಯ ಮಾತನ್ನು ಹಾಗೆಯೇ ಬರೆದರೆ ಸಮಿತಿಯ ಷರತ್ತು ಮುರಿಯುತ್ತದೆ. ಪುಸ್ತಕ ಒಂದು ಶಾಲೆಗೂ ಹೋಗದೆ ಕಟ್ಟಿನಲ್ಲಿಯೇ ಉಳಿಯಬಹುದು. ಶುದ್ಧಪ್ರತಿಯನ್ನು ಬರೆದರೆ ಶಾಲೆಗೆ ಹೋಗುತ್ತದೆ, ಹೋಗುವುದು ಏನು? ಅತ್ತೆಯೊಡನೆ ವಾದಕ್ಕೆ ಕುಳಿತೆ. ಹ ಎಂಬ ಅಕ್ಷರ ಬಾರದ ಹುಡುಗಿಯನ್ನು ಪಟ್ಟಣದಲ್ಲಿ ಎಷ್ಟು ಹೀನಾಯವಾಗಿ ನೋಡುತ್ತಾರೆ, ನನಗೆ ಆದದ್ದೇನು, ಎಲ್ಲವನ್ನೂ ಹೇಳಿದೆ. ಅವಳು ಎಲೆಗೆ ಸುಣ್ಣ ಸವರುತ್ತ ಕೇಳಿದಳು.

‘ಮಕ್ಳಿಗೆ ಯೇಳ್ಕೊಡವ್ವ, ಬ್ಯಾಡ ಅಂದೋರ್ಯಾರು? ಪದಕ್ಯಾಕ್ ಯೇಳ್ಕೊಡ್ತೀಯ? ಪದ ಐಸ್ಕೂಲಿಗೆ ಓಯ್ತದಾ?’

‘ಸಮಿತಿಯವರು ಒಪ್ಪದಿದ್ದರೆ ಪುಸ್ತಕ ನಿಂತುಹೋಗುತ್ತದೆ ಅತ್ತೆ.’

ಅವಳು ಎಲೆಯನ್ನು ಮಡಿಸಿ ಬಾಯಿಗಿಟ್ಟಳು. ‘ನಂಗ್ ಪುಸ್ತಕ ಓದಾಕ್ ಬರಾಕಿಲ್ಲ ಮಗ. ನಂಗೆ ಐತೆ ಅಂದ್ರೆ ಆ ಪದ ಒಂದೇ. ನೀನ್ ಬದ್ಲಾಯ್ಸಿ ಬರ್ದ್ರೂ ನಾನೇನ್ ಕೋಪ ಮಾಡ್ಕಳಾಕಿಲ್ಲ. ನಂದು ಅಂತ ಮಾತ್ರ ಯೇಳ್ಬ್ಯಾಡ.’

ಮಧ್ಯಾಹ್ನದ ಊಟಕ್ಕೆ ಮೊದಲು ಆ ಕಾಗದದ ಮೇಲೆ ಎರಡು ಸಲ, ದುಂಡಗೆ, ‘ಅಕ್ಕಿ ಆರೋಯ್ತು’ ಎಂದು ಬರೆದು ಕೊಟ್ಟೆ. ಸೋಮಾವತಿ ತಾಯಿಯ ಮುಖವನ್ನು ಬರೆಯಲು ಕುಳಿತರು. ಆ ಮುಖ ಸ್ವಲ್ಪ ಅತ್ತೆಯ ಹಾಗೆಯೇ ಬಂದಿದೆ.

ಮರಳಿ ಹೊಳೆನರಸೀಪುರ, ಹಾಸನ

ಅತ್ತೆಯನ್ನು ಅವಳ ಹಳ್ಳಿಗೆ ಬಿಟ್ಟುಬರಲು ಹೋದಾಗ ಕೇರಿಯ ಹೆಂಗಸರೆಲ್ಲ ಹಾಳೆಗಳ ಸುತ್ತ ನೆರೆದರು. ‘ಇದೇನಕ್ಕ, ಮನೆ ಇಂಗೈತೆ? ಸೂರು ಬೀದೀಗ್ ಬಂದೈತೆ’ ಎಂದು ಒಬ್ಬಳು ತಗಾದೆ ತೆಗೆದಳು. ‘ಸೋಮಾವತಿ ಮನೆ ಕಣೆ. ನಮ್ಮ ಅಕ್ಕಿ ಅವಳ ಅಂಗಳ್ದಾಗ್ ಆರಾಕಿದ್ದೊ’ ಎಂದು ಅತ್ತೆ ಉತ್ತರ ಕೊಟ್ಟಳು.

ಹಾಸನದ ಸಭೆ ಅಷ್ಟು ಸುಲಭವಾಗಿರಲಿಲ್ಲ. ನಾನು ಪಕ್ಕಿ, ಹಕ್ಕಿ, ಅಕ್ಕಿಗಳ ವಾದವನ್ನು ಕ್ರಮವಾಗಿ ಮಂಡಿಸಿದೆ. ನಮ್ಮ ನಾಡು ಒಮ್ಮೆ ಪಕಾರವನ್ನು ಬಿಟ್ಟಿತು. ಅದಕ್ಕಾಗಿ ಯಾರೂ ತಲೆ ತಗ್ಗಿಸಲಿಲ್ಲವೆಂದೆ. ಅಧ್ಯಕ್ಷರು ಪೂರ್ತಿ ಕೇಳಿ, ಕನ್ನಡಕ ತೆಗೆದು ಹೇಳಿದರು: ‘ಪಕಾರವನ್ನು ಬಿಟ್ಟದ್ದು ಇಡೀ ನಾಡು ತಾಯಿ. ಹಕಾರವನ್ನು ಬಿಟ್ಟವರು ನಾವು ಮಾತ್ರ. ನಗುವವರು ಇನ್ನೂ ಉಳಿದಿದ್ದಾರೆ.’

ಅದು ನಿಜವೆಂದು ನಾನೂ ಒಪ್ಪಿಕೊಂಡೆ. ಅವರು ಪುಸ್ತಕವನ್ನು ತಳ್ಳಿಹಾಕಲಿಲ್ಲ. ಕೆಲವು ಶಾಲೆಗಳಲ್ಲಿ ಓದಿಸಿ ನೋಡಬೇಕು, ಮುಂದಿನ ಸಭೆಯಲ್ಲಿ ತೀರ್ಮಾನವಾಗಲಿ ಎಂದರು.

ಅರಕಲಗೂಡು, ಚನ್ನರಾಯಪಟ್ಟಣ

ಅರಕಲಗೂಡಿನ ಶಾಲೆಯಲ್ಲಿ ನಮ್ಮ ಪುಸ್ತಕ ಸೋತಿತು. ಅದನ್ನು ಮುಚ್ಚಿಡುವುದು ಸರಿಯಲ್ಲ. ಉಪಾಧ್ಯಾಯರು ಒಳ್ಳೆಯವರು, ಅಭ್ಯಾಸಬಲದಿಂದ ‘ಹಕ್ಕಿ ಹಾರಿಹೋಯಿತು’ ಎಂದೇ ಓದಿದರು. ಮಕ್ಕಳು ಕೈಕಟ್ಟಿ ಕುಳಿತು ಕೇಳಿದರು. ಯಾರೂ ನಗಲಿಲ್ಲ.

ಚನ್ನರಾಯಪಟ್ಟಣದಿಂದ ಬಸ್ಸಿನಲ್ಲಿ ಬಾಗೂರಿಗೆ ಹೋದೆ. ಅಲ್ಲಿಯ ಮೇಷ್ಟ್ರು ಅದೇ ಊರಿನವರು. ಪುಟದಲ್ಲಿ ಇದ್ದಂತೆ, ಮನೆಯಲ್ಲಿ ಆಡುವಂತೆ ಓದಿದರು. ಎರಡನೆಯ ಸಾಲಿನಲ್ಲಿ ಕುಳಿತಿದ್ದ ಒಂದು ಹುಡುಗಿ ಪುಸ್ತಕದ ಎಡಪುಟವನ್ನು ನೋಡಿದಳು, ಬಲಪುಟವನ್ನು ನೋಡಿದಳು.

‘ಸಾ, ಯಾವ್ ಅಕ್ಕಿ ಸಾ?’

‘ನೀನೇ ಯೇಳು.’

‘ಎಲ್ಡೂವೆ ಸಾ’ ಎಂದಳು, ಅಷ್ಟರಲ್ಲಿ ತಾನೇ ನಗತೊಡಗಿದಳು. ನಗು ಬೆಂಚಿನಿಂದ ಬೆಂಚಿಗೆ ಹೋಯಿತು. ಮೇಷ್ಟ್ರು ಹಲಗೆಯ ಮೇಲೆ ಎಡಕ್ಕೆ ‘ಅಕ್ಕಿ’ ಎಂದೂ ಬಲಕ್ಕೆ ‘ಹಕ್ಕಿ’ ಎಂದೂ ಬರೆದರು. ಯಾವುದು ತಿನ್ನುವುದು, ಯಾವುದು ಹಾರುವುದು ಎಂದು ಕೇಳಿದರು. ಇಡೀ ತರಗತಿ ‘ಹ, ಹ’ ಎಂದು ಉಸಿರು ಬಿಡುತ್ತ, ಅದಕ್ಕೂ ನಗುತ್ತ, ಆ ಅಕ್ಷರವನ್ನು ಬಾಯಲ್ಲಿ ಆಡಿಸಿ ನೋಡಿತು. ನನಗೆ ವರ್ಷಗಟ್ಟಲೆ ಅವಮಾನ ಕಲಿಸಿದ್ದನ್ನು ಅವರು ಒಂದು ತಮಾಷೆಯಿಂದ ಕಲಿಯುತ್ತಿದ್ದರು. ತಮಾಷೆ ತಿಳಿಯಬೇಕಾದರೆ ಎರಡು ಮಾತೂ ತಿಳಿದಿರಬೇಕು: ಮನೆಯದೂ ಶಾಲೆಯದೂ.

ಆದರೆ ಒಂದು ಶಾಲೆ ಸೋತು ಒಂದು ಶಾಲೆ ಗೆದ್ದರೆ ಅದು ಪುರಾವೆಯಾಗುವುದಿಲ್ಲವೆಂದು ಚರ್ಚೆಯಲ್ಲಿ ಪಳಗಿದ ನನಗೂ ಗೊತ್ತು, ಅಧ್ಯಕ್ಷರಿಗೂ ಗೊತ್ತು. ಸಮಿತಿಯ ಸಭೆ ಇನ್ನೂ ನಡೆದಿಲ್ಲ. ಪುಸ್ತಕ ನಿಮ್ಮ ಕೈ ಸೇರದಿದ್ದರೂ ಅತ್ತೆಯ ಹಾಡಿನ ಎರಡು ಸಾಲುಗಳು ಈ ಬರಹದಲ್ಲಿಯೇ ಇವೆ. ನಿಮ್ಮ ಮನೆಯ, ನಿಮ್ಮ ಊರಿನ ಶಾಲೆಯ ಮಕ್ಕಳನ್ನು ಕೂರಿಸಿಕೊಂಡು ಅವನ್ನು ಇದ್ದಂತೆಯೇ ಒಮ್ಮೆ ಹಾಡಿ. ತಾಯಿ ಮೊರವನ್ನು ಯಾಕೆ ತಂದಳೆಂದು ಮಕ್ಕಳನ್ನೇ ಕೇಳಿ. ಅವರು ನಕ್ಕರೆ ನಕ್ಕರೆಂದು, ನಗದಿದ್ದರೆ ನಗಲಿಲ್ಲವೆಂದೇ, ಹಾಸನದ ಸಮಿತಿಗೆ ಒಂದು ಕಾರ್ಡು ಬರೆದು ತಿಳಿಸಿ.